ಕುಣಿಯಬೇಡ ಎಂದರು, ಜಾರಿದ; ಜಾರುತ್ತಲೇ ಕುಣಿದ!

ಮೊದಲು ಒಂದು ಪ್ರಶ್ನೆ. ಉತ್ತರ ಹೇಳಲು ಹತ್ತು ಸೆಕೆಂಡು ಟೈಮು!

1976ರ ಡಿಸೆಂಬರ್. ಬಿಬಿಸಿ ಟೀವಿ ಬ್ರಿಟನ್ನಿನ ವರ್ಷದ ಕ್ರೀಡಾಪಟುವನ್ನು ಆರಿಸುತ್ತಿದೆ. ಮತ ಹಾಕುವವರು ವೀಕ್ಷಕರೇ. ಕಣದಲ್ಲಿ ಜೇಮ್ಸ್ ಹಂಟ್ ಇದ್ದಾನೆ. ನಿಕಿ ಲೌಡಾನನ್ನು ಒಂದೇ ಒಂದು ಪಾಯಿಂಟಿನಿಂದ ಹಿಂದಿಕ್ಕಿ ಅದೇ ವರ್ಷ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವನು! ಡೇವಿಡ್ ವಿಲ್ಕಿ ಇದ್ದಾನೆ. ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ವಿಶ್ವದಾಖಲೆಯ ಈಜಿಗೆ ಚಿನ್ನ ಪಡೆದವನು!

ಗೆದ್ದವರು ಯಾರು, ಊಹಿಸಿ.

ಹಂಟ್? ಅಲ್ಲ, ಅವನಿಗೆ ಎರಡನೇ ಸ್ಥಾನ. ವಿಲ್ಕಿ? ಮೂರನೇ ಸ್ಥಾನ!

ಬೆಂಕಿಯಂತೆ ಕಾರು ಓಡಿಸಿದವನನ್ನೂ ಮೀನಿನಂತೆ ಈಜಿದವನನ್ನೂ ಬದಿಗೆ ಸರಿಸಿ ಜನ ಗೆಲ್ಲಿಸಿದ್ದು ಮಂಜುಗಡ್ಡೆಯ ಮೇಲೆ ಜಾರುವ ಒಬ್ಬ ತೆಳ್ಳನೆಯ ಯುವಕನನ್ನು. ಫಿಗರ್ ಸ್ಕೇಟರ್ ಜಾನ್ ಕರ್ರಿಯನ್ನು! ಅವನು ಗೆದ್ದದ್ದು ಇನ್ನಷ್ಟು ವೇಗದಿಂದಲ್ಲ, ಇನ್ನಷ್ಟು ಎತ್ತರಕ್ಕೆ ಹಾರಿಯೂ ಅಲ್ಲ. ಕೈ ಎತ್ತಿದ ರೀತಿಯಿಂದ!

ನಂಬಿಕೆ ಬರುತ್ತಿಲ್ಲವೇ? ಕಥೆ ಕೇಳಿ.

ಜಾನ್ ಹುಟ್ಟಿದ್ದು 1949ರ ಸೆಪ್ಟೆಂಬರ್ 9ರಂದು, ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಹುಡುಗನದು ಒಂದೇ ಹಟ. ಬ್ಯಾಲೆ ಕಲಿಯಬೇಕು! ಅಪ್ಪನದು ಒಂದೇ ಉತ್ತರ. ಸಾಧ್ಯವೇ ಇಲ್ಲ! ಗಂಡುಮಕ್ಕಳು ಕುಣಿಯುವುದೇ? ಆ ಕಾಲದ ಎಷ್ಟೋ ಅಪ್ಪಂದಿರಂತೆ ಅವರಿಗೂ ಅದು ನಾಚಿಕೆಯ ಮಾತು.

ಆದರೆ ಮಗ ಇನ್ನೊಂದನ್ನು ಕೇಳಿದ. ಐಸ್ ಸ್ಕೇಟಿಂಗ್ ಕಲಿಯಲೇ?

ಅಪ್ಪ ಒಪ್ಪಿಬಿಟ್ಟರು! ಯಾಕೆ ಗೊತ್ತೇ? ಸ್ಕೇಟಿಂಗ್ ಕ್ರೀಡೆ ತಾನೇ! ಕ್ರೀಡೆ ಅಂದಮೇಲೆ ಗಂಡಸುತನಕ್ಕೇನೂ ಧಕ್ಕೆಯಿಲ್ಲವಲ್ಲ!

ಇಡೀ ಕ್ರೀಡಾ ಇತಿಹಾಸದಲ್ಲಿ ಇಷ್ಟು ಸೊಗಸಾಗಿ ಏಮಾರಿದ ಅಪ್ಪ ಇನ್ನೊಬ್ಬರಿದ್ದರೆ ನನಗೆ ತಿಳಿಸಿ. ಮುಂಬಾಗಿಲಲ್ಲಿ ತಡೆದ ನೃತ್ಯವನ್ನು ಅವರೇ ಹಿತ್ತಲ ಬಾಗಿಲಿಂದ ಒಳಗೆ ಬಿಟ್ಟುಕೊಂಡಿದ್ದರು. ಆಗ ಹುಡುಗನಿಗೆ ಏಳು ವರ್ಷ.

ಹದಿನಾರು ತುಂಬುವ ಹೊತ್ತಿಗೆ ಅಪ್ಪ ತೀರಿಕೊಂಡರು. ಜಾನ್ ಲಂಡನ್ನಿಗೆ ಹೊರಟ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ, ಬಿಡುವಿನಲ್ಲಿ ಸ್ಕೇಟಿಂಗ್. ಮತ್ತೆ, ಅಷ್ಟು ವರ್ಷ ಕಾದದ್ದು ಕೊನೆಗೂ ಕೈಗೆ ಬಂತು. ಬ್ಯಾಲೆ ತರಗತಿ!

ಅಲ್ಲಿಂದಲೇ ಪೀಕಲಾಟ ಶುರು. ಆಗಿನ ಗಂಡಸರ ಸ್ಕೇಟಿಂಗ್ ಹೇಗಿತ್ತು? ಎದೆಯುಬ್ಬಿಸಿ ವೇಗವಾಗಿ ಬರಬೇಕು. ಧೊಪ್ಪೆಂದು ಹಾರಬೇಕು. ಇಳಿಯಬೇಕು. ಮತ್ತೆ ವೇಗ. ಮತ್ತೆ ಹಾರಾಟ. ನಡುವಿನ ಹೊತ್ತಿನಲ್ಲಿ ಕೈಗಳು ಎಲ್ಲಾದರೂ ಇರಲಿ, ಕೇಳುವವರಿಲ್ಲ. ಈ ಹುಡುಗನೋ ಬೆರಳ ತುದಿಯವರೆಗೂ ಸಂಗೀತ ಹರಿಸುತ್ತಿದ್ದ. ಅದು ಕೋಚ್‌ಗಳಿಗೆ ಇರಿಸುಮುರಿಸು, ತೀರ್ಪುಗಾರರಿಗೆ ಕಸಿವಿಸಿ. ಇಷ್ಟು ನಾಜೂಕು ಬೇಡ, ಸ್ವಲ್ಪ ಗಂಡಸಿನ ಹಾಗೆ ಸ್ಕೇಟ್ ಮಾಡು ಎಂಬ ಬುದ್ಧಿಮಾತು ಎಲ್ಲ ದಿಕ್ಕಿನಿಂದಲೂ ಬಂತು.

ಅಪ್ಪ ಬಾಗಿಲಲ್ಲಿ ತಡೆದದ್ದನ್ನು ಈಗ ಐಸ್ ಮೇಲೂ ತಡೆಯುವವರು ಹುಟ್ಟಿಕೊಂಡಿದ್ದರು!

1972, ಜಪಾನಿನ ಸಪ್ಪೊರೊ ಒಲಿಂಪಿಕ್ಸ್. ಜಾನ್ ಎಷ್ಟನೆಯವನು? ಹನ್ನೊಂದನೆಯವನು. ನಾಲ್ಕು ವರ್ಷದಲ್ಲಿ ಇವನು ಚಿನ್ನ ಗೆಲ್ಲುತ್ತಾನೆ ಎಂದು ಅಂದು ಯಾರಾದರೂ ಪಣ ಕಟ್ಟಿದ್ದರೆ ಇಂದು ಅವರ ಮೊಮ್ಮಕ್ಕಳು ಕೂತು ಉಣ್ಣುತ್ತಿದ್ದರು!

ಕಷ್ಟ ಎಲ್ಲಿತ್ತು? ದುಡ್ಡಿನಲ್ಲಿ. ಐಸ್ ಸಿಗುವ ಗಂಟೆಗಳಲ್ಲಿ. ಹಾರಾಟದಲ್ಲೂ ಇತ್ತು. ಅವನ ಜಿಗಿತಗಳನ್ನು ನಂಬುವಂತಿರಲಿಲ್ಲ.

ಆಗ ಬಂದವನು ಒಬ್ಬ ತಿಜೋರಿ ಸಾಹುಕಾರ! ಅಕ್ಷರಶಃ ತಿಜೋರಿ. ಬ್ಯಾಂಕುಗಳ ತಿಜೋರಿ ತಯಾರಿಸುವ ಅಮೆರಿಕದ ಕಂಪನಿಯ ಮನೆತನದ ಎಡ್ ಮೊಸ್ಲರ್. ಈ ಹುಡುಗನ ಖರ್ಚು ನನಗಿರಲಿ ಅಂದ. ಜಾನ್ ಅಮೆರಿಕಕ್ಕೆ ಹಾರಿದ.

ಅಲ್ಲಿ ಗಸ್ ಲೂಸಿ ಎಂಬ ಹಳೆಯ ಗುರು. ಹಾರಾಟದ ಪಾಠಕ್ಕೆ ಅವನನ್ನು ಬಿಟ್ಟರಿಲ್ಲ ಎನ್ನುವ ಹೆಸರು. ಅವನ ಕೈಯಲ್ಲಿ ಜಾನ್ ಜಿಗಿತಗಳನ್ನು ಬುಡದಿಂದ ಹೊಸದಾಗಿ ಕಲಿತ. ರಾಷ್ಟ್ರೀಯ ಚಾಂಪಿಯನ್ ಆದವನು ಮತ್ತೆ ಅಆಇಈಗೆ ಕೂತ! ಆಮೇಲೆ ಡೆನ್ವರ್ ನಗರ, ಕೋಚ್ ಕಾರ್ಲೊ ಫಾಸಿ.

ಡೆನ್ವರ್ ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಇದನ್ನು ಹೇಳದೆ ಮುಂದೆ ಹೋದರೆ ನನಗೆ ನಿದ್ದೆ ಬಾರದು.

1976ರ ಚಳಿಗಾಲದ ಒಲಿಂಪಿಕ್ಸ್ ನಡೆಯಬೇಕಾಗಿದ್ದದ್ದು ಎಲ್ಲಿ ಹೇಳಿ? ಅದೇ ಡೆನ್ವರ್‌ನಲ್ಲಿ! ಆದರೆ 1972ರಲ್ಲಿ ಕೊಲೊರಾಡೊದ ಮತದಾರರು, ಇಷ್ಟು ಖರ್ಚು ನಮಗೆ ಬೇಡವೇ ಬೇಡ ಎಂದು ಮತ ಹಾಕಿ, ಕೈಗೆ ಬಂದ ಒಲಿಂಪಿಕ್ಸನ್ನೇ ವಾಪಸು ಮಾಡಿದರು. ಕ್ರೀಡಾಕೂಟ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಯಿತು. ಡೆನ್ವರ್‌ನ ಒಂದು ರಿಂಕ್‌ನಲ್ಲಿ ಮಾತ್ರ ಫಾಸಿಯ ಇಬ್ಬರು ಶಿಷ್ಯರು ಬೆವರು ಸುರಿಸುತ್ತಲೇ ಇದ್ದರು. ಒಬ್ಬ ಜಾನ್ ಕರ್ರಿ. ಇನ್ನೊಬ್ಬಳು ಅಮೆರಿಕದ ಡೊರೊತಿ ಹ್ಯಾಮಿಲ್.

ಇನ್ಸ್‌ಬ್ರುಕ್‌ನಲ್ಲಿ ಗಂಡಸರ ಚಿನ್ನ ಯಾರಿಗೆ? ಜಾನ್‌ಗೆ! ಹೆಂಗಸರ ಚಿನ್ನ? ಡೊರೊತಿಗೆ! ಒಬ್ಬನೇ ಕೋಚ್, ಎರಡು ದಿನಗಳ ಅಂತರದಲ್ಲಿ ಎರಡೂ ಚಿನ್ನ. ಒಲಿಂಪಿಕ್ಸ್ ಬೇಡ ಎಂದ ಊರಿಗೆ ಒಲಿಂಪಿಕ್ಸೇ ಹುಡುಕಿಕೊಂಡು ಬಂದಿತ್ತು!

ಸರಿ, ಈಗ ಐಸ್‌ಗೆ ಇಳಿಯೋಣ. ಹತ್ತಿರದಿಂದ ನೋಡೋಣ.

ಸ್ಕೇಟ್ ಬೂಟಿನ ಕೆಳಗಿನ ಬ್ಲೇಡ್ ಎಷ್ಟು ದಪ್ಪ? ನಾಲ್ಕೈದು ಮಿಲಿಮೀಟರ್, ಅಷ್ಟೇ! ಅದರ ಉದ್ದಕ್ಕೂ ನಡುವೆ ಒಂದು ಸಣ್ಣ ತೋಡು. ಹಾಗಾಗಿ ಒಂದೇ ಬ್ಲೇಡಿಗೆ ಎರಡು ಅಂಚು. ಒಂದು ಒಳಗಿನದು, ಒಂದು ಹೊರಗಿನದು. ಎಡಗಾಲು, ಬಲಗಾಲು. ಮುಂದಕ್ಕೆ, ಹಿಂದಕ್ಕೆ. ಗುಣಿಸಿ ನೋಡಿ. ಎಂಟು! ಫಿಗರ್ ಸ್ಕೇಟಿಂಗ್ ಎಂಬ ಇಡೀ ವಿದ್ಯೆ ನಿಂತಿರುವುದು ಈ ಎಂಟು ಅಂಚುಗಳ ಮೇಲೆ.

ಆ ಅಂಚುಗಳಿಗೆ ಆಗ ಒಂದು ಘೋರ ಪರೀಕ್ಷೆಯಿತ್ತು. ಕಡ್ಡಾಯ ಫಿಗರ್‌ಗಳು! ಸಂಗೀತವಿಲ್ಲ. ಜಿಗಿತವಿಲ್ಲ. ಒಂದು ಕಾಲ ಮೇಲೆ ನಿಂತು ಐಸಿನಲ್ಲಿ ವೃತ್ತ ಕೊರೆಯಬೇಕು. ಎಂಟರ ಆಕಾರ, ಅದರೊಳಗೆ ತಿರುವುಗಳು. ಕೊರೆದ ಗೆರೆಯ ಮೇಲೆಯೇ ಮತ್ತೊಮ್ಮೆ. ಅದೇ ಗೆರೆಯ ಮೇಲೆ ಇನ್ನೊಮ್ಮೆ! ಬಾಗಿಲ ಮುಂದೆ ಎಳೆದ ರಂಗೋಲಿಯ ಬಳ್ಳಿಯ ಮೇಲೆ, ಕೈಯಿಂದಲ್ಲ, ಕಾಲಿನಿಂದ, ಹಿಟ್ಟು ಎರಡು ಎಳೆಯಾಗದಂತೆ ಮೂರು ಸಲ ಎಳೆಯಬೇಕು ಅಂದರೆ ಹೇಗೆ? ಹಾಗೆ!

ಮುಗಿದ ಕೂಡಲೇ ತೀರ್ಪುಗಾರರು ಐಸಿಗೆ ಇಳಿಯುತ್ತಿದ್ದರು. ಬಗ್ಗುತ್ತಿದ್ದರು. ಗೆರೆಯನ್ನು ಕಣ್ಣಿಗೆ ಹತ್ತಿರ ಹಿಡಿದಂತೆ ನೋಡುತ್ತಿದ್ದರು. ಎಲ್ಲಿ ಅಂಚು ಬದಲಾಯಿತು? ಎಲ್ಲಿ ವೃತ್ತ ಸೊಟ್ಟಗಾಯಿತು? 1976ರಲ್ಲಿ ಒಟ್ಟು ಅಂಕದಲ್ಲಿ ಶೇಕಡ 30 ಪಾಲು ಇದಕ್ಕೇ ಮೀಸಲು!

ನೋಡುವವರಿಗೆ ಮಹಾ ಬೋರು, ಒಪ್ಪುತ್ತೇನೆ. 1990ರಲ್ಲಿ ಈ ಪದ್ಧತಿಯನ್ನೇ ಕೈಬಿಟ್ಟರು. ಆದರೆ ಜಾನ್‌ನ ಗುಟ್ಟು ಅಡಗಿದ್ದದ್ದು ಇದರಲ್ಲೇ! ಅಂಚಿನ ಮೇಲೆ ಅಷ್ಟು ಹಿಡಿತವಿದ್ದವನು ಐಸ್ ಕೆರೆಯುವುದಿಲ್ಲ, ಸದ್ದೇ ಇಲ್ಲದೆ ಸಾಗುತ್ತಾನೆ. ಕಾಲು ತನ್ನ ಪಾಡಿಗೆ ತಾನು ಸಾಗುತ್ತಿದ್ದರೆ ಕೈ, ಕತ್ತು, ಬೆನ್ನು ಬಿಡುವಾಗಿರುತ್ತವೆ. ಸಂಗೀತಕ್ಕೆ!

ಕೆನಡಾದ ಟಾಲರ್ ಕ್ರ್ಯಾನ್‌ಸ್ಟನ್‌ನ ಗತಿ ನೋಡಿ. ಅವನೂ ಮಹಾ ಕಲಾವಿದ. ನಿಜಕ್ಕೂ ಚಿತ್ರಕಾರ! ಐಸ್ ಮೇಲೆ ಮೈಯನ್ನು ಬಿಲ್ಲಿನಂತೆ, ಬಾಣದಂತೆ, ಜ್ವಾಲೆಯಂತೆ ಬಾಗಿಸುತ್ತಿದ್ದ. ಪಾಪ, ಫಿಗರ್‌ಗಳಲ್ಲಿ ಹಿಂದೆ ಬೀಳುತ್ತಿದ್ದ. ಇನ್ಸ್‌ಬ್ರುಕ್‌ನಲ್ಲಿ ಕಂಚಿಗೆ ತೃಪ್ತಿಪಟ್ಟ. ಬೆರಗಿಗೆ ಕ್ರ್ಯಾನ್‌ಸ್ಟನ್ನೇ ಮೇಲು ಎನ್ನುವವರು ಇಂದಿಗೂ ಇದ್ದಾರೆ. ಅವರೊಡನೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಒಂದು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಗೊತ್ತೇ ಆಗದ ಹಾಗೆ ಜಾರಿದವನು ಜಾನ್ ಒಬ್ಬನೇ.

1976ರ ಫೆಬ್ರವರಿ 11. ಇನ್ಸ್‌ಬ್ರುಕ್. ರಾತ್ರಿ.

ಕ್ರೀಡಾಕೂಟದ ಉದ್ಘಾಟನೆಯಂದು ಬ್ರಿಟನ್ನಿನ ಧ್ವಜ ಹಿಡಿದು ನಡೆದವನು ಇವನೇ. ಈಗ ಐಸ್ ನಡುವೆ ಒಬ್ಬನೇ. ಮೈಮೇಲೆ ಸರಳ ಉಡುಪು, ಮಿರಮಿರ ಮಿನುಗಿಲ್ಲ. ಸಂಗೀತ? ಮಿಂಕುಸ್‌ನ 'ಡಾನ್ ಕಿಹೋಟೆ'. ಯಾವುದಕ್ಕೆ ಬರೆದ ಸಂಗೀತ ಅದು? ಬ್ಯಾಲೆಗೆ! ಅಪ್ಪ ಬೇಡವೆಂದ ಅದೇ ಬ್ಯಾಲೆಗೆ, ಒಲಿಂಪಿಕ್ಸ್‌ನ ನಟ್ಟನಡುವೆ!

ಐದು ನಿಮಿಷ. ಮೂರು ಸುತ್ತಿನ ಜಿಗಿತ ಬಂತು, ಹೋಯಿತು. ಜಿಗಿತಕ್ಕೆ ಮುನ್ನ ಏದುಸಿರಿನ ಸಿದ್ಧತೆ ಕಾಣಲಿಲ್ಲ. ಇಳಿದ ಮೇಲೆ ತಡಬಡಿಕೆ ಕಾಣಲಿಲ್ಲ. ಹಾರಾಟವೂ ಹಾಡಿನೊಳಗಿನ ಒಂದು ಸ್ವರವಾಗಿಬಿಟ್ಟಿತ್ತು! ಸ್ಪರ್ಧೆ ನೋಡುತ್ತಿದ್ದೇವೆಂಬುದನ್ನೇ ಮರೆಸುವ ಸ್ಪರ್ಧೆ.

ಈಗ ಅಂಕ. ಪೆನ್ನು ಹಿಡಿಯಿರಿ.

ಒಂಬತ್ತು ತೀರ್ಪುಗಾರರು. ಒಬ್ಬೊಬ್ಬರೂ ಎರಡೆರಡು ಅಂಕ ಕೊಡಬೇಕು, ತಾಂತ್ರಿಕತೆಗೆ ಒಂದು, ಕಲೆಗೆ ಒಂದು. ಪ್ರತಿಯೊಂದಕ್ಕೂ ಗರಿಷ್ಠ 6. ಅಂದರೆ ಒಟ್ಟು 108. ದೇವರೇ ಬಂದು ಸ್ಕೇಟ್ ಮಾಡಿದರೂ ಅದಕ್ಕಿಂತ ಹೆಚ್ಚು ಸಿಗದು.

ಜಾನ್‌ಗೆ ಎಷ್ಟು ಬಂತು? 90? ಮೇಲೆ ಬನ್ನಿ. 100? ಇನ್ನೂ ಮೇಲೆ.

105.9!

ಒಂಬತ್ತು ಜನ, ಹದಿನೆಂಟು ಅಂಕಪಟ್ಟಿ, ಎಲ್ಲ ಸೇರಿ ಕಳೆದದ್ದು ಕೇವಲ 2.1! ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊವಲ್ಯೊವ್‌ಗೆ ಬೆಳ್ಳಿ. ಪುರುಷರ ಒಲಿಂಪಿಕ್ ಫಿಗರ್ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದ ಮೊದಲ ಬ್ರಿಟಿಷನಾಗಿದ್ದ ಜಾನ್!

ಅಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಜನವರಿಯಲ್ಲಿ ಜಿನೀವಾ, ಯುರೋಪ್ ಚಾಂಪಿಯನ್. ಫೆಬ್ರವರಿಯಲ್ಲಿ ಇನ್ಸ್‌ಬ್ರುಕ್, ಒಲಿಂಪಿಕ್ ಚಾಂಪಿಯನ್. ಮಾರ್ಚ್‌ನಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್, ವಿಶ್ವ ಚಾಂಪಿಯನ್. ಎರಡು ತಿಂಗಳೊಳಗೆ ಮೂರೂ ಕಿರೀಟ!

ಆದರೆ ಚಿನ್ನದ ಮರುದಿನ ಬೆಳಿಗ್ಗೆ ಏನಾಯಿತು ಗೊತ್ತೇ? ಜಾನ್ ಸಲಿಂಗಕಾಮಿ ಎಂಬ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲಿ. ಖಾಸಗಿಯಾಗಿ ಆಡಿದ್ದೇನೆಂದುಕೊಂಡಿದ್ದ ಮಾತು ಅಚ್ಚಾಗಿತ್ತು. ಆಗಿನ್ನೂ ಒಬ್ಬ ಒಲಿಂಪಿಕ್ ವೀರನೂ ಹೀಗೆ ಬೆಳಕಿಗೆ ಬಂದದ್ದಿಲ್ಲ. ಇಂಗ್ಲೆಂಡಿನಲ್ಲಿ ಅದು ಅಪರಾಧವಲ್ಲ ಎಂದು ಕಾನೂನು ಒಪ್ಪಿ ಹತ್ತು ವರ್ಷವೂ ಆಗಿರಲಿಲ್ಲ.

ಪತ್ರಿಕಾಗೋಷ್ಠಿ. ಕ್ಯಾಮೆರಾಗಳ ಸಾಲು. ಗಂಡಸುತನದ ಬಗ್ಗೆಯೇ ಪ್ರಶ್ನೆ! ಚಿನ್ನದ ಪದಕ ಇನ್ನೂ ಬೆಚ್ಚಗಿದೆ, ಆಗಲೇ! ಜಾನ್ ಕಣ್ಣು ತಗ್ಗಿಸಲಿಲ್ಲ, ನಿರಾಕರಿಸಲೂ ಇಲ್ಲ. ನಿನ್ನೆ ನಾನು ಮಾಡಿದ್ದು ಕ್ರೀಡೆಯಲ್ಲ ಎನ್ನುತ್ತೀರಾ ಎಂದು ತಿರುಗಿ ಕೇಳಿದ. ಕೇಳಿದವರ ಬಳಿ ಉತ್ತರವೇನಿರುತ್ತದೆ!

ಹತ್ತು ತಿಂಗಳ ನಂತರ ಬಿಬಿಸಿಗೆ ಜನ ಮತ ಹಾಕಿದ್ದು ಇದೆಲ್ಲ ಗೊತ್ತಿದ್ದೇ. ಹಂಟ್‌ನ ಕಾರಿಗಿಂತ ಮೇಲೆ ಇವನನ್ನು ಇಟ್ಟದ್ದೂ ಎಲ್ಲ ಗೊತ್ತಿದ್ದೇ!

ಈಗ ನೀವು ಜಾನ್ ಅಂದುಕೊಳ್ಳಿ. ಮೂರು ಕಿರೀಟ ತಲೆಯ ಮೇಲಿದೆ. ಬಣ್ಣಬಣ್ಣದ ಗರಿ, ಕಾರ್ಟೂನ್ ವೇಷ, ಝಗಮಗ ದೀಪದ ಐಸ್ ಶೋಗಳವರು ದುಡ್ಡಿನ ಚೀಲ ಹಿಡಿದು ನಿಂತಿದ್ದಾರೆ. ಚಾಂಪಿಯನ್‌ಗಳು ಆಗ ಹೋಗುತ್ತಿದ್ದದ್ದು ಅಲ್ಲಿಗೇ. ಏನು ಮಾಡುತ್ತೀರಿ?

ಜಾನ್ ಬೇಡವೆಂದ! ನನಗೆ ನನ್ನದೇ ತಂಡ ಬೇಕು ಅಂದ. ಬ್ಯಾಲೆ ಕಂಪನಿಗಳಿಗೆ ಇರುವಂಥದ್ದು, ಆದರೆ ಐಸ್ ಮೇಲೆ!

ಹುಚ್ಚು! ಐಸ್ ಇರುವುದು ರಿಂಕ್‌ನಲ್ಲಿ. 60 ಮೀಟರ್ ಉದ್ದ, 30 ಮೀಟರ್ ಅಗಲದ ಬಯಲದು. ನಾಟಕಶಾಲೆಯ ವೇದಿಕೆ ಎಷ್ಟಿದ್ದೀತು? ನಾಲ್ಕು ಸಲ ಕಾಲು ಒತ್ತಿದರೆ ಪರದೆಯೊಳಗೆ ನುಗ್ಗಿ ಗೋಡೆಗೆ ಅಪ್ಪಳಿಸುತ್ತೀರಿ! ಹಲಗೆಯ ಮೇಲೆ ಕೊಳವೆ ಹಾಸಬೇಕು, ಕೊರೆಯುವ ದ್ರವ ಹರಿಸಬೇಕು, ನೀರು ಹೊಯ್ದು ಗಟ್ಟಿಯಾಗಿಸಬೇಕು, ಮೇಲಿನಿಂದ ದೀಪಗಳು ಕರಗಿಸದಂತೆ ಕಾಯಬೇಕು.

ಮಾಡಿಯೇಬಿಟ್ಟ! 1976 ಮುಗಿಯುವ ಮುನ್ನ ಲಂಡನ್ನಿನ ಕೇಂಬ್ರಿಜ್ ಥಿಯೇಟರಿನಲ್ಲಿ 'ಥಿಯೇಟರ್ ಆಫ್ ಸ್ಕೇಟಿಂಗ್' ಪರದೆ ಎತ್ತಿತು. ಮುಂದಿನ ವರ್ಷ ಲಂಡನ್ ಪಲೇಡಿಯಮ್. 1978ರಲ್ಲಿ ನ್ಯೂಯಾರ್ಕ್, ಬ್ರಾಡ್‌ವೇ!

ಅವನಿಗೆ ನೃತ್ಯ ಕಟ್ಟಿಕೊಟ್ಟವರು ಯಾರು, ಕೇಳಿ. ಬ್ರಿಟನ್ನಿನ ರಾಯಲ್ ಬ್ಯಾಲೆಯ ಕೆನೆತ್ ಮ್ಯಾಕ್‌ಮಿಲನ್! ನ್ಯೂಯಾರ್ಕ್ ಸಿಟಿ ಬ್ಯಾಲೆಯ ಪೀಟರ್ ಮಾರ್ಟಿನ್ಸ್! ಆಧುನಿಕ ನೃತ್ಯದ ಟ್ವೈಲಾ ಥಾರ್ಪ್! ಲಾರ್ ಲುಬೊವಿಚ್! ಲಾರಾ ಡೀನ್! ನೃತ್ಯಲೋಕದ ದಿಗ್ಗಜರೆಲ್ಲ ಕೋಟು ಹೊದ್ದು, ನಡುಗುತ್ತ, ರಿಂಕ್ ಅಂಚಿಗೆ ಬಂದು ನಿಂತರು. ಅವರಿಗೂ ಹೊಸ ಆಟಿಕೆ ಸಿಕ್ಕಿತ್ತು.

ಏನದು? ಇದೇ ನೋಡಿ, ನನಗೆ ಹುಚ್ಚು ಹಿಡಿಸಿದ ಸಂಗತಿ!

ಬ್ಯಾಲೆ ನರ್ತಕ ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚಿ ಕೈ ಮುಂದೆ ಮಾಡುತ್ತಾನೆ. ಅದನ್ನು ಅರಬೆಸ್ಕ್ ಎನ್ನುತ್ತಾರೆ. ಸುಂದರ! ಆದರೆ ನಿಂತಲ್ಲೇ ನಿಂತಿರುತ್ತಾನೆ. ಮುಂದೆ ಹೋಗಬೇಕೆಂದರೆ ಭಂಗಿ ಮುರಿಯಲೇಬೇಕು, ಕಾಲು ಎತ್ತಿ ಇಡಲೇಬೇಕು. ನೆಲದ ನಿಯಮ ಅದು.

ಐಸ್ ಮೇಲೆ? ಭಂಗಿ ಹಾಗೇ ಇದೆ. ರೆಪ್ಪೆಯೂ ಅಲುಗಿಲ್ಲ. ನರ್ತಕ ಮಾತ್ರ ವೇದಿಕೆಯ ಈ ಕೊನೆಯಿಂದ ಆ ಕೊನೆಗೆ ತೇಲಿ ಹೋಗುತ್ತಿದ್ದಾನೆ! ಬೇಕೆಂದರೆ ಬಾಗುತ್ತ. ಬೇಕೆಂದರೆ ವೃತ್ತದಲ್ಲಿ. ಬೇಕೆಂದರೆ ಹಿಂದು ಹಿಂದಕ್ಕೆ! ಹೆಜ್ಜೆಯೇ ಇಲ್ಲದ ನಡೆ! ಶತಮಾನಗಳಿಂದ ಬ್ಯಾಲೆ ಗುರುಗಳು ಕನಸು ಕಂಡದ್ದು, ನೆಲದ ಮೇಲೆ ಯಾರಿಗೂ ಸಿಗದೇ ಹೋದದ್ದು ಇಲ್ಲಿತ್ತು. ಬ್ಲೇಡಿನ ನಾಲ್ಕೈದು ಮಿಲಿಮೀಟರಿನಲ್ಲಿ!

ಟ್ವೈಲಾ ಥಾರ್ಪ್ ಅದನ್ನು ಕೂಡಲೇ ಹಿಡಿದಳು. ಚಿನ್ನ ಬಂದ ವರ್ಷವೇ, ಆಲ್ಬಿನೋನಿಯ ಸಂಗೀತಕ್ಕೆ, ಜಾನ್ ಒಬ್ಬನಿಗಾಗಿ 'ಆಫ್ಟರ್ ಆಲ್' ಕಟ್ಟಿದಳು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅದರ ಪ್ರದರ್ಶನ. ಜಿಗಿತ ಕಂಡು ಚಪ್ಪಾಳೆ ಹೊಡೆಯುವ ಜನರ ಮುಂದೆ, ಅಂಚಿನ ಮೇಲೆ ವಾಲಿ ಬರೆಯುವ ಗೆರೆಗಳನ್ನೇ ಕಲೆ ಎಂದು ತೋರಿಸಿದರು!

ತಂಡದೊಳಗೆ ಜಾನ್ ಹೇಗಿದ್ದ? ಸಿಡುಕ! ಪರಿಪೂರ್ಣತೆಯ ಹುಚ್ಚು! ಬ್ಯಾಲೆ ನರ್ತಕರು ಬೆಳಗ್ಗೆ ಎದ್ದು ಅಭ್ಯಾಸದ ತರಗತಿಗೆ ಹೋಗುತ್ತಾರಲ್ಲ, ಅದೇ ಕ್ರಮವನ್ನು ಐಸಿಗೆ ತಂದ. ಹೆಸರು ಮಾಡಿದವರಿಗೂ ವಿನಾಯಿತಿ ಇಲ್ಲ. ಎಲ್ಲರೂ ಸಾಲಾಗಿ, ಒಂದೇ ಅಂಚಿನ ಮೇಲೆ, ಒಂದೇ ವಾಲಿನಲ್ಲಿ, ಒಂದೇ ಉಸಿರಿಗೆ! ತಾನೇ ತಾನಾಗಿ ಮೆರೆಯಲು ಕಲಿತ ಸ್ಕೇಟರ್‌ಗಳಿಗೆ ಪಕ್ಕದವನ ಭುಜ ನೋಡಿ ಸಾಗುವುದನ್ನು ಮೊದಲ ಸಲ ಕಲಿಸಿದ. ಡೆನ್ವರ್‌ನ ಗೆಳತಿ ಡೊರೊತಿ ಹ್ಯಾಮಿಲ್ ಕೂಡ ಬಂದು ಅವನ ತಂಡದ ಜೊತೆ ಕುಣಿದಳು.

ಇನ್ನೊಂದು ಪ್ರಶ್ನೆ. ಜಾನ್ ಸ್ಕೇಟ್ ಬಿಚ್ಚಿಟ್ಟು, ಬರೀ ನೆಲದ ಮೇಲೆ, ಜನರ ಮುಂದೆ ಎಂದಾದರೂ ಕುಣಿದನೇ?

ಕುಣಿದ! 1980ರಲ್ಲಿ, ಬ್ರಾಡ್‌ವೇಯ ಮಜೆಸ್ಟಿಕ್ ಥಿಯೇಟರಿನಲ್ಲಿ, 'ಬ್ರಿಗಡೂನ್' ಸಂಗೀತ ನಾಟಕದಲ್ಲಿ. ಪಾತ್ರ ಹ್ಯಾರಿ ಬೀಟನ್. ಕತ್ತಿಗಳ ನಡುವೆ ಕುಣಿಯುವ ಸ್ಕಾಟಿಷ್ ನೃತ್ಯ! ಕಟ್ಟಿದವಳು ಯಾರು? ಆಗ್ನೆಸ್ ಡಿ ಮಿಲ್, ಅಮೆರಿಕದ ನೃತ್ಯದ ಅಜ್ಜಿ.

ಈ ಆಗ್ನೆಸ್ ನೃತ್ಯಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಕುರ್ಚಿಯಿಂದ ಏಳುತ್ತೀರಿ. ಅವಳ ಮನೆಯಲ್ಲೂ ನೃತ್ಯಕ್ಕೆ ತಡೆ! ಆಮೇಲೆ? ತಂಗಿಯ ಪಾದ ಚಪ್ಪಟೆ. ಅದು ಸರಿಹೋಗಲು ಬ್ಯಾಲೆ ತರಗತಿಗೆ ಕಳಿಸಿ ಎಂಬ ವೈದ್ಯಕೀಯ ಸಲಹೆ ಬಂತು. ತಂಗಿಯ ಜೊತೆಗೆ ಅಕ್ಕನೂ ಒಳಗೆ! ಒಬ್ಬನಿಗೆ ಕ್ರೀಡೆಯ ನೆಪ, ಒಬ್ಬಳಿಗೆ ತಂಗಿಯ ಪಾದದ ನೆಪ. ಹಿತ್ತಲ ಬಾಗಿಲಿನಿಂದ ನುಗ್ಗಿದ ಇಬ್ಬರೂ ಬ್ರಾಡ್‌ವೇಯ ಒಂದೇ ವೇದಿಕೆಯಲ್ಲಿ ಎದುರಾದರು. ಇಂಥದ್ದನ್ನು ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ!

ಆಮೇಲೆ 1984. ಮೊದಲು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜುಲೈನಲ್ಲಿ, ಅದೂ ನ್ಯೂಯಾರ್ಕಿನ ಬಿರುಬೇಸಿಗೆಯಲ್ಲಿ, ಐಸ್ ಹಾಸಿದ್ದು ಎಲ್ಲಿ ಗೊತ್ತೇ? ಮೆಟ್ರೊಪಾಲಿಟನ್ ಒಪೆರಾ ಹೌಸ್! ಸುಮಾರು 3,800 ಆಸನಗಳ ಕಲಾಮಂದಿರ. ಒಪೆರಾದ ಮಹಾಗಾಯಕರು ಹಾಡುವ ವೇದಿಕೆಯ ಮೇಲೆ ಬರ್ಮಿಂಗ್‌ಹ್ಯಾಮಿನ ಹುಡುಗ ಬ್ಲೇಡ್ ಕಟ್ಟಿಕೊಂಡು ನಿಂತ! ಇದಕ್ಕಿಂತ ಎತ್ತರದ ವೇದಿಕೆ ನರ್ತಕನಿಗೆ ಅಮೆರಿಕದಲ್ಲಿ ಇಲ್ಲ.

ತಂಡ ಹೆಚ್ಚು ಕಾಲ ಬಾಳಲಿಲ್ಲ. ಐಸ್, ವೇದಿಕೆ, ಕಲಾವಿದರು, ಪ್ರಯಾಣ, ಎಲ್ಲಕ್ಕೂ ಹಣ ಸುರಿಯಬೇಕು. 1987ರಲ್ಲಿ ಜಾನ್‌ಗೆ ಎಚ್‌ಐವಿ ಇರುವುದು ಗೊತ್ತಾಯಿತು. ಆಮೇಲೆ ಏಡ್ಸ್. ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲದಲ್ಲಿ ಜಾನ್ ಅದನ್ನೂ ಬಾಯಿಬಿಟ್ಟು ಹೇಳಿದ. ಕೊನೆಗೆ ವಾರ್ವಿಕ್‌ಶೈರ್‌ನ ಹಳ್ಳಿಗೆ, ಅಮ್ಮನ ಮನೆಗೆ ಮರಳಿದ. 1994ರ ಏಪ್ರಿಲ್ 15ರಂದು ತೀರಿಕೊಂಡ. ವಯಸ್ಸು 44, ಅಷ್ಟೇ.

ಆದರೆ ಅವನು ಹಚ್ಚಿದ ಹುಚ್ಚು ಎಲ್ಲೆಲ್ಲಿ ಹಬ್ಬಿತು ನೋಡಿ!

ಬ್ರಿಟನ್ ಹಿಮದ ಕ್ರೀಡೆಗಳ ದೇಶವೇನಲ್ಲ. 1976ರ ಕೂಟದಲ್ಲಿ ಇಡೀ ದೇಶಕ್ಕೆ ಸಿಕ್ಕ ಪದಕ ಎಷ್ಟು? ಒಂದೇ ಒಂದು, ಜಾನ್‌ನದು! 1980ರಲ್ಲಿ? ಅದೂ ಒಂದೇ, ಫಿಗರ್ ಸ್ಕೇಟಿಂಗ್ ಚಿನ್ನ! ಗೆದ್ದವನು ರಾಬಿನ್ ಕಸಿನ್ಸ್. ಕೋಚ್? ಅದೇ ಕಾರ್ಲೊ ಫಾಸಿ! 1984ರಲ್ಲಿ? ಮತ್ತೆ ಒಂದೇ, ಮತ್ತೆ ಸ್ಕೇಟಿಂಗ್, ಮತ್ತೆ ಚಿನ್ನ!

ಆ ಮೂರನೆಯದು ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೊಫರ್ ಡೀನ್ ಜೋಡಿಯದು. ವಿಮಾ ಕಚೇರಿಯ ಗುಮಾಸ್ತೆ, ಪೊಲೀಸ್ ಕಾನ್‌ಸ್ಟೆಬಲ್! ಸರಯೆವೊದಲ್ಲಿ ರವೆಲ್‌ನ 'ಬೊಲೆರೊ'ಗೆ ಕುಣಿದರು. ಸಂಗೀತ 4 ನಿಮಿಷ 28 ಸೆಕೆಂಡು. ನಿಯಮ ಬಿಡುವುದು 4 ನಿಮಿಷ 10 ಸೆಕೆಂಡು. ಉಳಿದ 18 ಸೆಕೆಂಡಿಗೆ ಏನು ಮಾಡಿದರು? ಮಂಡಿಯೂರಿ ಕೂತೇ ಕುಣಿದರು! ಬ್ಲೇಡ್ ಜಾರಲು ಶುರುವಾದ ಮೇಲೆ ತಾನೇ ಗಡಿಯಾರ ಓಡುವುದು! ಕಲೆಯ ವಿಭಾಗದಲ್ಲಿ ಒಂಬತ್ತಕ್ಕೆ ಒಂಬತ್ತೂ ತೀರ್ಪುಗಾರರು ಪೂರ್ತಿ 6 ಕೊಟ್ಟರು. ಎಂಟು ವರ್ಷಗಳ ಹಿಂದೆ ಬ್ಯಾಲೆ ಸಂಗೀತಕ್ಕೆ ಕೈ ಎತ್ತಿದ ಒಬ್ಬನನ್ನು ಜಗತ್ತು ಆಗಲೇ ನೋಡಿತ್ತು. ಇವರಿಗೆ ಬಾಗಿಲು ತಟ್ಟುವ ಕಷ್ಟವಿರಲಿಲ್ಲ ಎಂದೇ ನನ್ನ ಎಣಿಕೆ.

ಅದೇ 1984ರಲ್ಲಿ ಐಸ್ ಥಿಯೇಟರ್ ಆಫ್ ನ್ಯೂಯಾರ್ಕ್ ಹುಟ್ಟಿತು. ಜಾನ್‌ನ ತಂಡದಲ್ಲಿ ಪಳಗಿದವರು ಬಾಲ್ಟಿಮೋರ್‌ನಲ್ಲಿ 'ದಿ ನೆಕ್ಸ್ಟ್ ಐಸ್ ಏಜ್' ಕಟ್ಟಿದರು. ಪದಕವಿಲ್ಲ, ಅಂಕವಿಲ್ಲ, ಬರೀ ಐಸ್ ಮೇಲಿನ ನೃತ್ಯ. 2018ರಲ್ಲಿ ಜೇಮ್ಸ್ ಅರ್ಸ್ಕಿನ್ 'ದಿ ಐಸ್ ಕಿಂಗ್' ಎಂಬ ಸಾಕ್ಷ್ಯಚಿತ್ರ ಮಾಡಿದ ಮೇಲಂತೂ, ಹೆಸರೂ ಕೇಳಿರದ ಹೊಸ ತಲೆಮಾರು ಜಾನ್‌ನ ಹಳೆಯ ಪ್ರದರ್ಶನಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದೆ.

ಈಗ ನಿಮ್ಮ ಸರದಿ! ಇನ್ಸ್‌ಬ್ರುಕ್‌ನ ಆ ಐದು ನಿಮಿಷ ಇಂಟರ್‌ನೆಟ್‌ನಲ್ಲಿ ಹುಡುಕಿ. ಜಿಗಿತಗಳನ್ನು ಎಣಿಸಲು ಹೋಗಬೇಡಿ, ಇಂದಿನ ಹುಡುಗರು ನಾಲ್ಕು ಸುತ್ತು ಹಾರುತ್ತಾರೆ, ಮೂರು ನಿಮಗೆ ಸಪ್ಪೆ ಅನ್ನಿಸೀತು. ಪ್ರತಿ ಜಿಗಿತ ಮುಗಿದು ಬ್ಲೇಡ್ ಐಸಿಗೆ ತಾಕಿದ ಮೇಲಿನ ಎರಡೇ ಸೆಕೆಂಡು ನೋಡಿ. ಕೈಗಳೆಲ್ಲಿವೆ? ಕತ್ತು ಯಾವ ಕಡೆ ತಿರುಗಿದೆ? ಹಿಂದೆ ಚಾಚಿದ ಕಾಲು ಎಷ್ಟು ಹೊತ್ತು ಹಾಗೇ ಇದೆ? ಒಮ್ಮೆ ನೋಡಿ. ಆಮೇಲೆ ಧ್ವನಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಸಂಗೀತ ಕೇಳಿಸುತ್ತಲೇ ಇರುತ್ತದೆ, ಬೇಕಿದ್ದರೆ ಪಂದ್ಯ!